ಪಕ್ಕದಲ್ಲಿಟ್ಟ ರಕ್ತ

ಚೆನ್ನೈ
22 ಮಾರ್ಚ್ 1999

ಪೂಂಗೊಡಿಗೆ,

ನೀನು ಮತ್ತೆ ಬಸುರಿ ಎಂಬ ಸುದ್ದಿಯನ್ನು ಅಮ್ಮ ಎಸ್‌ಟಿಡಿ ಬೂತಿನಿಂದ ಕೂಗಿ ಹೇಳಿದಳು. ಬೂತಿನವನಿಗೆ, ಅವನ ಅಂಗಡಿ ಮುಂದೆ ಬೀಡಿ ಸೇದುತ್ತಿದ್ದವರಿಗೆ ಎಲ್ಲ ತಿಳಿದ ಮೇಲೆ ನನಗೆ ತಿಳಿಯಿತು. ಒಡಹುಟ್ಟಿದ ಅಕ್ಕನಿಗೆ ಒಂದು ಸಾಲು ಬರೆಯಲು ನಿನಗೆ ಮನಸ್ಸು ಬರಲಿಲ್ಲ. ಆದರೆ ಹೋದ ವಾರ ಮಗ ಎಳಿಲ್‌ನನ್ನು ಆಸ್ಪತ್ರೆಗೆ ತೋರಿಸಲು ಬಂದವಳು ನೇರವಾಗಿ ನನ್ನ ಲ್ಯಾಬಿಗೆ ನುಗ್ಗಿ, ರವಿಕೆಯ ತೋಳು ಮೇಲೇರಿಸಿ, "ನನ್ನ ರಕ್ತಾನೂ ನೋಡು" ಎಂದು ಕೈ ಚಾಚಿದೆ. ಯಾಕೆ ಎಂದು ಕೇಳಿದ್ದಕ್ಕೆ "ಸುಮ್ನೆ" ಎಂದೆ. ಆ ಸುಮ್ನೆಯ ಅರ್ಥ ಈಗ ಗೊತ್ತಾಯಿತು.

ನೋಡಿದ್ದೇನೆ. ಇಲ್ಲಿ ನಡೆಯುವುದು ಸ್ನಾಯು ಕ್ಷಯ ಇರುವ ಮನೆತನಗಳ ಮೇಲೆ ಸಂಶೋಧನೆ. ಮನೆಯವರು ಬಂದು ಕೈ ಚಾಚಿದರೆ ನೋಡಿ ಕಳಿಸಲು ಇದು ಕ್ಲಿನಿಕ್ ಅಲ್ಲ. ನಿನ್ನ ಹೆಸರನ್ನು ಎಲ್ಲೂ ಬರೆಸದೆ, ಬೇರೆಯವರ ಮಾದರಿಗಳ ಸಾಲಿನಲ್ಲಿ ನಿನ್ನದನ್ನೂ ತೂರಿಸಿ ಮಾಡಿದ್ದೇನೆ. ನಮ್ಮ ಡಾಕ್ಟರ್ ಫಿಲೋಮಿನಾ ಅವರ ಕಣ್ಣಿಗೆ ಬಿದ್ದಿದ್ದರೆ ನನ್ನ ಕೆಲಸಕ್ಕೇ ಸಂಚಕಾರ. ನಿನಗೆ ಅದೆಲ್ಲ ಯಾಕೆ.

ಎಳಿಲ್‌ನ ಜೀನಿನಲ್ಲಿ ಒಂದು ತುಂಡೇ ಇಲ್ಲ ಎಂಬುದು ನಮಗೆಲ್ಲ ಗೊತ್ತಿರುವುದೇ. ಆ ತುಂಡು ನಿನ್ನಲ್ಲಿ ಪೂರ್ತಿ ಇದೆ. ನೀನು ಆ ಕೊರತೆಯನ್ನು ಮಕ್ಕಳಿಗೆ ದಾಟಿಸುವ ವಾಹಕಿ ಅಲ್ಲ. ಹೊಟ್ಟೆಯಲ್ಲಿರುವುದು ಗಂಡಾಗಲಿ ಹೆಣ್ಣಾಗಲಿ, ಆ ಕಾಯಿಲೆಯ ಭಯ ಇಲ್ಲ. ಅಮ್ಮ ಹೇಳಿದ ಹಾಗೆ ಮದುರೈಗೆ ಹೋಗಿ, ಮಗುವನ್ನು ಪರೀಕ್ಷಿಸಲು ಹೊಟ್ಟೆಗೆ ಸೂಜಿ ಚುಚ್ಚಿಸಿಕೊಳ್ಳುವ ಅಗತ್ಯವೂ ಇಲ್ಲ.

ಎಳಿಲ್‌ನ ವಿಷಯದಲ್ಲಿ ನಾಲ್ಕು ವರ್ಷದ ಹಿಂದೆ, ಕಾಯಿಲೆ ಗೊತ್ತಾದಾಗ, ಕಾಗದದಲ್ಲಿ ಹೇಳಿದ್ದನ್ನೇ ಈಗಲೂ ಹೇಳುತ್ತೇನೆ. ಅಕ್ಕನ ಮಗಳನ್ನೇ ತಂದುಕೊಳ್ಳುವುದು ನಮ್ಮ ಮನೆತನಕ್ಕೆ ಅಂಟಿದ ಚಟ. ಅದರ ಫಲ ಆ ಹುಡುಗ ಉಣ್ಣುತ್ತಿದ್ದಾನೆ. ನಿನ್ನ ಗಂಡನಾದ ನಮ್ಮ ಮಾವನಿಗೆ ಹೇಳು, ಬೇಜಾರು ಮಾಡಿಕೊಳ್ಳುವುದಾದರೆ ಮಾಡಿಕೊಳ್ಳಲಿ.

ವಡಿವು


ಕೋವಿಲ್ಪಟ್ಟಿ
30 ಮಾರ್ಚ್ 1999

ಅಕ್ಕ,

ನಿನ್ನ ಕಾಗದ ಬಂತು. ವಿಷಯ ಹೇಳಿದ ಕೂಡ್ಲೆ ಅಮ್ಮ ಅಡುಗೆಮನೆ ಹೊಸ್ತಿಲ ಮೇಲೇ ಕೂತು ಅತ್ತಳು. ಮಾವ ಅಂಗಡೀಲಿದ್ದ ಕಡಲೆ ಮಿಠಾಯಿ ತಟ್ಟೆಯನ್ನ ಎತ್ತಿಕೊಂಡು ಹೋಗಿ ಬೀದಿಯೋರಿಗೆಲ್ಲ ಹಂಚಿ ಬಂದ್ರು. ಯಾಕೆ ಅಂತ ಕೇಳಿದೋರಿಗೆ "ಸುಮ್ನೆ ತಿನ್ರಯ್ಯ" ಅಂದ್ರಂತೆ. ಮದುರೈ ಆಸ್ಪತ್ರೆಗೆ ಬರೋದಿಲ್ಲ ಅಂತ ಹೇಳಿಬಿಟ್ವಿ. ನೀನು ಮಾಡಿದ ಉಪಕಾರ ದೊಡ್ಡದು. ಇಲ್ಲ ಅನ್ನಲ್ಲ.

ಆದ್ರೆ ಉಪಕಾರ ಮಾಡೋವಾಗಲೂ ಒದ್ದು ಮಾಡ್ತೀಯಲ್ಲ, ಅದೇನು ಬುದ್ಧಿ ನಿಂದು? ಈ ಚಟದ ಮನೆತನದಲ್ಲಿ ನೀನು ಹುಟ್ಟಿಲ್ವಾ? ಮಾವನಿಗೆ ಅಂತ ಮೊದಲು ಹೆಸರಿಟ್ಟದ್ದು ನಿನ್ನನ್ನೇ. ಚಪ್ಪರ ಹಾಕಿ, ಬಾಳೆಕಂಬ ಕಟ್ಟಿ ಆದ ಮೇಲೆ "ನಾನು ಓದಬೇಕು" ಅಂತ ಚೆನ್ನೈ ಬಸ್ಸು ಹತ್ತಿದೋಳು ನೀನು. ಅಚ್ಚಾಗಿದ್ದ ಲಗ್ನಪತ್ರಿಕೆಗಳ ಮೇಲೆ ನಿನ್ನ ಹೆಸರಿದ್ದ ಜಾಗಕ್ಕೆ ನನ್ನ ಹೆಸರಿನ ಚೀಟಿ ಅಂಟಿಸಿ ಊರಿಗೆಲ್ಲ ಕೊಟ್ರು. ಬೇಸಿಗೆ ಸೆಕೆಗೆ ಅಂಟು ಬಿಟ್ಟು ಚೀಟಿ ಜಾರಿ, ಅಡಿಯಲ್ಲಿ ನಿನ್ನ ಹೆಸರು ಇಣುಕ್ತಿತ್ತು. ನನಗೆ ನರ್ಸಿಂಗ್ ಸೀಟು ಸಿಕ್ಕಿತ್ತು ಅನ್ನೋದು ನಿನಗೆ ನೆನಪಿದೆಯೋ ಇಲ್ವೋ. ನನ್ನನ್ನ ಒಬ್ಬರಾದ್ರೂ ಕೇಳಿದ್ರಾ? ನೀನು ಕೇಳಿದ್ಯಾ?

ಅದು ಬಿಡು. ಮಾವ ಒಂದು ಮಾತು ಕೇಳ್ತಿದಾರೆ. ಮೂರು ದಿನದಿಂದ ಪಾಕ ಕಾಯಿಸ್ತಾ, ತಟ್ಟೆಗೆ ಸುರೀತಾ ಅದನ್ನೇ ಕೇಳ್ತಿದಾರೆ. "ಸಂಬಂಧದ ಮದುವೆಯಿಂದ ಎಳಿಲ್‌ಗೆ ಹೀಗಾಯ್ತು ಅಂತ ವಡಿವು ಹೇಳ್ತಾಳೆ. ಈಗಲೂ ಅದೇ ಗಂಡ, ಅದೇ ಹೆಂಡ್ತಿ. ಹಾಗಿದ್ರೆ ಈ ಮಗು ಹೇಗೆ ಸರಿಯಾಗಿರುತ್ತೆ?" ನನಗೆ ಉತ್ತರ ಗೊತ್ತಿಲ್ಲ. ನಿನಗೆ ಗೊತ್ತಿರುತ್ತೆ. ಬರಿ.

ಪೂಂಗೊಡಿ


ಚೆನ್ನೈ
9 ಏಪ್ರಿಲ್ 1999

ಪೂಂಗೊಡಿಗೆ,

ಎಂಟನೇ ಕ್ಲಾಸಿನಲ್ಲಿ ಎರಡು ಸಲ ಕೂತು ಶಾಲೆ ಬಿಟ್ಟ ಮಾವ ನನ್ನ ಕೆಲಸಕ್ಕೆ ಪ್ರಶ್ನೆಪತ್ರಿಕೆ ತಯಾರಿಸಿದ್ದಾರೆ. ಸಂತೋಷ. ಬೆಲ್ಲದ ಪಾಕ ಯಾವಾಗ ಹದಕ್ಕೆ ಬರುತ್ತದೆ ಎಂದು ನಾನು ಅವರಿಗೆ ಪಾಠ ಹೇಳಲು ಹೋಗುವುದಿಲ್ಲ. ಅವರೂ ಅಷ್ಟು ಮರ್ಯಾದೆ ಇಟ್ಟುಕೊಳ್ಳಲಿ.

ಆದರೂ ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಗಂಡುಹುಡುಗರಲ್ಲಿ ನೋಡುವುದು ಸುಲಭ. ತುಂಡು ಇಲ್ಲದಿದ್ದರೆ, ರಕ್ತದ ಜೀನನ್ನು ಹರಿಸಿ ನೋಡುವ ಜೆಲ್ ಹಾಳೆಯ ಮೇಲೆ ಆ ಪಟ್ಟಿ ಬೀಳುವುದೇ ಇಲ್ಲ. ಎಳಿಲ್‌ದು ಹಾಗೆ ಖಾಲಿ ಇತ್ತು. ಹೆಂಗಸರಲ್ಲಿ ಅದೇ ಜೀನು ಎರಡೆರಡು ಇರುತ್ತದೆ. ಒಂದು ಕೆಟ್ಟಿದ್ದರೂ ಇನ್ನೊಂದರಿಂದ ಪಟ್ಟಿ ಬೀಳುತ್ತದೆ. ಆದರೆ ಅರ್ಧ ಮಾತ್ರ, ಮಸುಕಾಗಿ. ಅರ್ಧವೋ ಪೂರ್ತಿಯೋ ಎಂದು ತಿಳಿಯಬೇಕಾದರೆ ಪಕ್ಕದಲ್ಲಿ ಸರಿಯಾಗಿರುವ ಒಬ್ಬ ಹೆಂಗಸಿನ ರಕ್ತವನ್ನು ಇಟ್ಟು ಹೋಲಿಸಬೇಕು.

ಆ ಹೆಂಗಸು ಯಾರು ಎಂದುಕೊಂಡೆ? ನಾನು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಎಳಿಲ್ ಇನ್ನೂ ತೊಟ್ಟಿಲಲ್ಲಿದ್ದಾಗ, ಡಾಕ್ಟರ್ ಫಿಲೋಮಿನಾ "ಗಟ್ಟಿಮುಟ್ಟಾಗಿರೋರು ಯಾರಾದ್ರೂ ರಕ್ತ ಕೊಡ್ರಮ್ಮ" ಎಂದರು. ನಾನು ಕೊಟ್ಟೆ. ಎಲ್ಲ ಲ್ಯಾಬುಗಳಲ್ಲೂ ಹೀಗೇ, ಕೆಲಸದವರ ರಕ್ತವೇ ಅಳತೆಗೋಲು. ಇವತ್ತಿಗೂ ಶೀಷೆಯ ಮೇಲೆ ನನ್ನ ಹೆಸರಿಲ್ಲ, "ನಾರ್ಮಲ್" ಎಂದಷ್ಟೇ ಬರೆದಿದೆ. ಇಲ್ಲಿಗೆ ಬರುವ ತಾಯಂದಿರನ್ನೆಲ್ಲ ನನ್ನ ಪಕ್ಕದಲ್ಲಿಟ್ಟೇ ಅಳೆಯುವುದು. ನಿನ್ನನ್ನೂ ಹಾಗೇ ಅಳೆದೆ. ನಿನ್ನ ಪಟ್ಟಿ ನನ್ನದಕ್ಕಿಂತ ಕೂದಲೆಳೆಯಷ್ಟೂ ಕಡಿಮೆ ಇಲ್ಲ. ಸಮ ಎಂದರೆ ಸಮ.

ಇನ್ನು ಲಗ್ನಪತ್ರಿಕೆಯ ಕಥೆ. ಹನ್ನೆರಡು ವರ್ಷದಿಂದ ಅದನ್ನೇ ಅರೆಯುತ್ತಿದ್ದೀಯ. ನಾನು ಬೇಡ ಎಂದೆ, ಹೋದೆ. ನಿನಗೂ ಬಾಯಿತ್ತು. ಬೇಡ ಎನ್ನಬಹುದಿತ್ತು. ತಲೆ ತಗ್ಗಿಸಿ ಮಣೆ ಮೇಲೆ ಕೂತು ಈಗ ನನ್ನನ್ನು ಬೈದರೆ ಏನು ಬಂತು? ಸಂಬಂಧದಲ್ಲಿ ಮದುವೆಯಾದವರಿಗೆಲ್ಲ ಕಾಯಿಲೆಯ ಮಕ್ಕಳೇ ಹುಟ್ಟುವುದಿಲ್ಲ, ಒಂದು ಹುಟ್ಟಬಹುದು, ಒಂದು ಹುಟ್ಟದಿರಬಹುದು. ಮಾವನಿಗೆ ಇಷ್ಟು ಉತ್ತರ ಸಾಕು.

ವಡಿವು


ಕೋವಿಲ್ಪಟ್ಟಿ
6 ಮೇ 1999

ಅಕ್ಕ ಅನ್ನಿಸಿಕೊಂಡವಳಿಗೆ,

ನಿನ್ನ ಉತ್ತರ ಮಾವನಿಗೆ ಸಾಕಾಗಲಿಲ್ಲ. ನನಗೂ ಹೇಳದೆ ಮಿಠಾಯಿ ಲಾರಿಯವರ ಕೈಲಿ ವಿಚಾರಿಸಿ, ತಿರುವನಂತಪುರದಲ್ಲಿ ಇಂಥದ್ದನ್ನೇ ನೋಡೋ ಒಬ್ಬ ಡಾಕ್ಟರಮ್ಮನ ವಿಳಾಸ ತಂದ್ರು. "ಒಂದ್ಸಲ ಬಾ ತಾಯಿ, ನನ್ನ ಸಮಾಧಾನಕ್ಕೆ" ಅಂತ ಕೈ ಮುಗಿದ್ರು. ಗಂಡ ಕೈ ಮುಗಿದ್ರೆ ಏನು ಮಾಡೋದು? ಹೋದ್ವಿ. ರಕ್ತ ಕೊಟ್ವಿ. ನಿನ್ನೆ ಮತ್ತೆ ಹೋಗಿ ಫಲಿತಾಂಶ ತಂದ್ವಿ.

ನಾನು ವಾಹಕಿ. ಅರ್ಧ ಇದೆ, ಅರ್ಧ ಇಲ್ಲ. ಗಂಡು ಹುಟ್ಟಿದ್ರೆ ಎಳಿಲ್ ಥರ ಆಗೋ ಸಾಧ್ಯತೆ ಸಮ ಸಮ ಅಂತ ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ್ರು. ಅವರ ತಮಿಳು ಅಷ್ಟಕ್ಕಷ್ಟೆ, ಆದ್ರೂ ಚೆನ್ನಾಗಿ ಅರ್ಥ ಆಯ್ತು.

ಇನ್ನೊಂದೂ ಅರ್ಥ ಆಯ್ತು. ಮಾವ ಅವರ ಮುಂದೆ ತಲೆ ತಗ್ಗಿಸಿ, "ಅಕ್ಕನ ಮಗಳನ್ನ ಕಟ್ಕೊಂಡೆ ಡಾಕ್ಟ್ರೇ, ಅದಕ್ಕೇ ಹೀಗಾಯ್ತು" ಅಂದ್ರು. ಆ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಯಾರು ಹೇಳಿದ್ದು ನಿಮಗೆ?" ಅಂತ ಕೇಳಿದ್ರು. ಇದು ತಾಯಿ ಕಡೆಯಿಂದ ಮಗನಿಗೆ ಬರೋದಂತೆ. ಗಂಡನ ರಕ್ತಕ್ಕೂ ಇದಕ್ಕೂ ಸಂಬಂಧವೇ ಇಲ್ವಂತೆ. ನಾನು ದಾರೀಲಿ ಹೋಗೋನನ್ನ ಕಟ್ಟಿಕೊಂಡಿದ್ರೂ ಎಳಿಲ್‌ಗೆ ಇದೇ ಆಗ್ತಿತ್ತಂತೆ.

ಯಾರು ಹೇಳಿದ್ದು ಅಂತ ಮಾವ ಬಾಯಿ ಬಿಡಲಿಲ್ಲ. ನಿನ್ನ ಹೆಸರು ಹೇಳಲಿಲ್ಲ ಕಣೇ. ಅಷ್ಟು ದೊಡ್ಡ ಮನಸ್ಸು ಆ ಎಂಟನೇ ಕ್ಲಾಸಿನವನದು.

ನಿನಗೆ ಇದು ಗೊತ್ತಿರಲಿಲ್ಲ ಅಂತ ನನ್ನ ಮುಂದೆ ಹೇಳಬೇಡ. ಬೆಳಗಾದ್ರೆ ಇದೇ ಕೆಲಸ ನಿಂದು. ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ವರ್ಷ ಸುಮ್ನಿದ್ದೆ. ಯಾಕೆ ಅಂತ ಹೇಳ್ಲಾ? ಮಾವನನ್ನ ಬೇಡ ಅಂದದ್ದು ಸರಿಯಾಗಿತ್ತು ಅಂತ ಊರೆಲ್ಲ ಅನ್ನಬೇಕಿತ್ತು ನಿನಗೆ. "ನೋಡಿ, ವಡಿವು ಓದಿದೋಳು, ಮುಂಚೆಯೇ ಗೊತ್ತಿತ್ತು ಅವಳಿಗೆ" ಅನ್ನಿಸಿಕೊಳ್ಳಬೇಕಿತ್ತು. ಅದಕ್ಕೆ ನನ್ನ ಗಂಡ ಪಾಪಿ ಆಗಬೇಕಾಯ್ತು. ನಾಲ್ಕು ವರ್ಷದ ಹಿಂದೆ ನಿನ್ನ ಆ ಕಾಗದ ಬಂದಾಗ ಅವರು ಪಳನಿಗೆ ನಡ್ಕೊಂಡು ಹೋಗಿ ತಲೆ ಬೋಳಿಸಿಕೊಂಡು ಬಂದ್ರು. ಬಂದು ಮಲಗಿದ್ದ ಮಗನ ಕಾಲು ಹಿಡ್ಕೊಂಡು, "ಅಪ್ಪ ತಪ್ಪು ಮಾಡಿಬಿಟ್ಟೆ ಕಂದ" ಅಂತ ಅತ್ರು. ಬಾಗಿಲಲ್ಲಿ ನಿಂತು ನಾನು ನೋಡಿದೀನಿ. ಹೆತ್ತಪ್ಪ ಮಗನ ಕಾಲು ಹಿಡಿಯೋದನ್ನ ನೋಡಿದೀಯಾ ನೀನು? ನಿನ್ನ ಹಾಳು ಜೆಲ್ ಮೇಲೆ ಅದು ಕಾಣಲ್ಲ ಬಿಡು.

ಈಗ ಎರಡು ವರದಿ, ಎರಡು ಮಾತು. ಹೊಟ್ಟೆ ನೀರು ತೆಗೆದು ಮಗುವಿನದೇ ನೋಡಬೇಕು ಅಂತ ಡಾಕ್ಟರಮ್ಮ ಹೇಳ್ತಾರೆ. ಸೂಜಿ ಹಾಕಿದ್ರೆ ಮಗು ಜಾರಿಹೋಗೋ ಭಯ ಸ್ವಲ್ಪ ಇದೆಯಂತೆ. ತಡ ಮಾಡಿದ್ರೆ ಆಮೇಲೆ ಏನೂ ಮಾಡೋಕೆ ಕಾನೂನು ಬಿಡಲ್ವಂತೆ. ಅಮ್ಮ ಒಂದೇ ಹಠ: "ವಡಿವು ಸರಿ ಇದೆ ಅಂದಿದಾಳೆ, ಮಗಳು ಸುಳ್ಳು ಹೇಳ್ತಾಳಾ, ಹೊಟ್ಟೆಗೆ ಸೂಜಿ ಬೇಡ." ನೀನೇ ಹೇಳು ಅಮ್ಮನಿಗೆ. ಸುಳ್ಳು ಹೇಳಿದ್ದು ನೀನೋ, ಆ ಡಾಕ್ಟರಮ್ಮನೋ?

ಪೂಂಗೊಡಿ


ಚೆನ್ನೈ
13 ಮೇ 1999

ಪೂಂಗೊಡಿಗೆ,

ನಿನ್ನ ಬೈಗುಳ ಓದಿದೆ. ಬೈಯುವುದರಲ್ಲಿ ನೀನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಸಂಬಂಧದ ಮದುವೆ ಒಳ್ಳೆಯದಲ್ಲ ಎಂದು ನಾನು ಹೇಳಿದ್ದು ನಿಜ. ಇವತ್ತೂ ಹೇಳುತ್ತೇನೆ. ಅದೊಂದರಿಂದಲೇ ಆಯಿತು ಎಂದು ಮಾವ ಅರ್ಥ ಮಾಡಿಕೊಂಡರೆ, ಪಳನಿಗೆ ನಡೆದರೆ, ತಲೆ ಬೋಳಿಸಿಕೊಂಡರೆ, ಅದೂ ನನ್ನ ತಲೆಯ ಮೇಲೆಯೇ? ಅವರೇ ನನಗೆ ಒಂದು ಕಾರ್ಡು ಹಾಕಿ ಕೇಳಬಹುದಿತ್ತು.

ವರದಿಯ ವಿಷಯ. ಏಳು ವರ್ಷದಿಂದ ಈ ಮೇಜಿನ ಮುಂದೆ ಕೂತಿದ್ದೇನೆ. ನನ್ನ ಕೈಯಲ್ಲಿ ಪಟ್ಟಿ ಓರೆಯಾಗಿ ಬಿದ್ದದ್ದಿಲ್ಲ, ಮಾದರಿ ಅದಲು ಬದಲಾದದ್ದಿಲ್ಲ. ಹೊಸಬರು ಬಂದರೆ ಡಾಕ್ಟರ್ ಫಿಲೋಮಿನಾ "ವಡಿವು ಕೈ ನೋಡಿ ಕಲೀರಿ" ಎಂದೇ ಕಳಿಸುವುದು. ನಿನ್ನ ಪರೀಕ್ಷೆಯನ್ನು ಒಂದಕ್ಕೆ ಎರಡು ಸಲ ಮಾಡಿದ್ದೇನೆ, ಎರಡು ಸಲವೂ ಸಮ ಬಂದಿದೆ. ತಿರುವನಂತಪುರದವರು ಯಾವ ಪುಡಿ ಬಳಸುತ್ತಾರೋ, ಯಾರ ಕೈಯಲ್ಲಿ ಮಾಡಿಸುತ್ತಾರೋ ನನಗೆ ಗೊತ್ತಿಲ್ಲ. ಅರ್ಧ ಕಂಡರೆ ಅವರ ಕೈಯೇ ಮಾದರಿಯನ್ನು ಅರ್ಧ ಹಾಕಿರಬೇಕು.

ಮಾವ ನನ್ನ ಮೇಲಿನ ಕೋಪಕ್ಕೆ ನಿನ್ನನ್ನು ಊರೂರು ತಿರುಗಿಸುತ್ತಿದ್ದಾರೆ, ಅಷ್ಟೆ. ಹೊಟ್ಟೆಗೆ ಸೂಜಿ ಹಾಕಿಸಿ, ಸರಿಯಾಗಿರುವ ಮಗುವನ್ನು ಕಳೆದುಕೊಂಡು ಆಮೇಲೆ ನನ್ನ ಬಾಗಿಲಿಗೆ ಬಂದು ಅಳಬೇಡ. ಅಮ್ಮನಿಗೆ ಹೇಳು: ವಡಿವು ಹೇಳಿದ್ದರಲ್ಲಿ ಬದಲಾವಣೆ ಇಲ್ಲ.

ವಡಿವು


ಕೋವಿಲ್ಪಟ್ಟಿ
18 ಮೇ 1999

ವಡಿವು,

ನಿನ್ನ ಏಪ್ರಿಲ್ ಕಾಗದವನ್ನೂ ಈ ಕಾಗದವನ್ನೂ ಮಾವ ತಿರುವನಂತಪುರಕ್ಕೆ ತಗೊಂಡು ಹೋದ್ರು. ಡಾಕ್ಟರಮ್ಮನಿಗೆ ತಮಿಳು ಓದೋಕೆ ಬರಲ್ಲ. ಮಾವನೇ ಒಂದೊಂದು ಸಾಲು ಓದಿ ಹೇಳಿದ್ರಂತೆ. ನೀನು ಅವರನ್ನ ಬೈದಿರೋದನ್ನೂ ಬಿಡದೆ ಓದಿದ್ರಂತೆ. ಪಕ್ಕದಲ್ಲಿಟ್ಟದ್ದು ನಿನ್ನದೇ ರಕ್ತ ಅನ್ನೋ ಜಾಗ ಬಂದಾಗ "ನಿಲ್ಲಿಸಿ, ಅದನ್ನ ಇನ್ನೊಂದ್ಸಲ ಓದಿ" ಅಂದ್ರಂತೆ.

ಅವರು ಬೈಯಲಿಲ್ಲ. ಒಂದೇ ಮಾತು ಹೇಳಿ ಕಳಿಸಿದಾರೆ. "ಆ ಅಕ್ಕ ತನ್ನ ರಕ್ತದ ಪಕ್ಕ ಸಂಬಂಧ ಇಲ್ಲದ ಇನ್ನೊಬ್ಬ ಹೆಂಗಸಿನ ರಕ್ತ ಇಟ್ಟು ನೋಡಲಿ."

ಅಷ್ಟೆ. ಧೈರ್ಯ ಇದ್ರೆ ನೋಡು. ಅಮ್ಮ ಇನ್ನೂ ನಿನ್ನ ಮಾತಿಗೇ ಜೋತುಬಿದ್ದಿದಾಳೆ, ನಾನು ಸೂಜಿಗೆ ಹೋದ್ರೆ ಅನ್ನ ನೀರು ಬಿಡ್ತೀನಿ ಅಂತ ಕೂತಿದಾಳೆ. ದಿನ ಓಡ್ತಿದೆ. ಮಗು ನಿನ್ನ ಜಂಬಕ್ಕೆ ಕಾಯಲ್ಲ.

ಪೂಂಗೊಡಿ


ಚೆನ್ನೈ
29 ಮೇ 1999

ಪೂಂಗೊಡಿ,

ನಿನ್ನ ಕಾಗದ ಬಂದ ದಿನವೇ ಹರಿದು ಹಾಕ್ದೆ. ನಾನೇನು ನನ್ನ ರಕ್ತ ನೋಡ್ಕೋಬೇಕಾ ಅಂತ ಸಿಟ್ಟು ನೆತ್ತಿಗೇರಿತ್ತು. ನಾಲ್ಕೈದು ದಿನ ಆ ಶೀಷೆ ತೆಗೆಯೋವಾಗೆಲ್ಲ ಕೈ ನಿಂತುಹೋಗ್ತಿತ್ತು. ಆಮೇಲೆ ನಮ್ಮಲ್ಲಿ ನೆಲ ಒರೆಸೋ ಜಯಕ್ಕೊಡಿ ಹತ್ರ ಕೇಳಿ ರಕ್ತ ತಗೊಂಡೆ. ಆಫೀಸಿನ ಟೈಪಿಸ್ಟ್ ಹತ್ರಾನೂ ತಗೊಂಡೆ. ಅವರಿಬ್ಬರದನ್ನೂ ನಿನ್ನದನ್ನೂ ನನ್ನದನ್ನೂ ಒಂದೇ ಜೆಲ್ ಮೇಲೆ ಹಾಕ್ದೆ.

ಅವರಿಬ್ಬರದೂ ಪೂರ್ತಿ. ನಿನ್ನದು ಅರ್ಧ. ನನ್ನದೂ ಅರ್ಧ.

ಅರ್ಧದ ಪಕ್ಕ ಅರ್ಧ ಇಟ್ಟು ಸಮ ಅಂತ ಬರೆದೆ ಕಣೇ ನಾನು. ಒಂದೇ ತಾಯಿ ಹೊಟ್ಟೇಲಿ ಹುಟ್ಟಿದೀವಿ, ನಿನಗೆ ಬಂದಿದ್ರೆ ನನಗೂ ಬಂದಿರಬಹುದು ಅನ್ನೋದು ಲ್ಯಾಬಿಗೆ ಸೇರಿದ ಮೊದಲನೇ ವಾರದ ಪಾಠ. ಬಂದೋರಿಗೆಲ್ಲ ನಾನೇ ಹೇಳ್ತೀನಿ, "ಅಕ್ಕತಂಗಿಯರನ್ನೂ ಕರ್ಕೊಂಡು ಬನ್ನಿ" ಅಂತ. ನನ್ನ ತಲೆಗೆ ಮಾತ್ರ ಅದು ಹೊಳೀಲಿಲ್ಲ. ಶೀಷೆ ಮೇಲೆ ನಾರ್ಮಲ್ ಅಂತ ಬರೆದಿತ್ತಲ್ಲ, ನಾನೂ ಅದನ್ನೇ ನಂಬಿದ್ದೆ. ಆ ಕಾಯಿಲೆ ಕೋವಿಲ್ಪಟ್ಟಿ ಮನೇದು, ನಾನು ಅಲ್ಲಿಂದ ಬಸ್ಸು ಹತ್ತಿ ಬಂದುಬಿಟ್ಟಿದೀನಿ ಅಂದ್ಕೊಂಡಿದ್ದೆ.

ಡಾಕ್ಟರ್ ಫಿಲೋಮಿನಾ ಮುಂದೆ ಹೋಗಿ ಎಲ್ಲ ಹೇಳ್ದೆ. ಅವರು ಬೈದಿದ್ರೆ ಎಷ್ಟೋ ವಾಸಿಯಾಗಿತ್ತು. "ನಿನ್ನ ತಂಗೀನ ನಿನ್ನ ಪಕ್ಕದಲ್ಲೇ ಇಟ್ಯಾ ವಡಿವು?" ಅಂತ ಮೆಲ್ಲಗೆ ಕೇಳಿದ್ರು. ನನ್ನನ್ನ ಮೇಜಿಂದ ಎಬ್ಬಿಸಿದಾರೆ. ಎಳಿಲ್‌ಗೆ ಇಲ್ಲದ ಅದೇ ತುಂಡು ಇಲ್ಲದ ಬೇರೆ ಹುಡುಗರೂ ಇದಾರೆ. ಅವರ ತಾಯಂದಿರಿಗೂ ಸರಿ ಇದೆ ಅಂತ ಹೇಳಿ ಕಳಿಸಿದೀವಿ. ಅವರನ್ನೆಲ್ಲ ಹುಡುಕಿ ವಾಪಸ್ಸು ಕರೆಸಬೇಕು. ಈಗ ನನ್ನ ಕೆಲಸ ಆ ವಿಳಾಸ ಬರೆಯೋದು.

ನಿನ್ನ ಮುಂದೆ ಮೂಗು ಉಜ್ಜಿ ಕ್ಷಮೆ ಕೇಳ್ತೀನಿ ಅಂತ ಕಾಯಬೇಡ. ಕೇಳಿದ್ರೆ ನೀನು ಕೊಡೋದೂ ಇಲ್ಲ. ಮಾವನ ವಿಷಯ ನೀನು ಹೇಳಿದ್ದೇ ನಿಜ. ಗೊತ್ತಿತ್ತು, ಸುಮ್ನಿದ್ದೆ.

ಈಗ ಕೇಳು. ಈ ಕಾಗದ ಕೈಗೆ ಬಂದ ತಕ್ಷಣ ತಿರುವನಂತಪುರಕ್ಕೆ ಹೊರಡು. ಅಮ್ಮ ಅತ್ರೆ ಅಳಲಿ. ಇನ್ನೂ ಕಾಲ ಮೀರಿಲ್ಲ. ಹುಡುಗಿ ಆದ್ರೆ ಚಿಂತೆ ಇಲ್ಲ. ಹುಡುಗ ಆಗಿ, ಎಳಿಲ್‌ನಂಥದ್ದೇ ಆಗಿದ್ರೆ ಇಟ್ಕೋಬೇಡ. ಮನಸ್ಸು ಗಟ್ಟಿ ಮಾಡ್ಕೊಂಡು ತೆಗೆಸಿಬಿಡು. ಆ ಮನೆಗೆ ಅಂಥದ್ದು ಒಂದು ಸಾಕು. ಇನ್ನೆರಡು ವರ್ಷಕ್ಕೆ ಎಳಿಲ್ ಪೂರ್ತಿ ಕುರ್ಚಿಗೆ ಬೀಳ್ತಾನೆ, ಆಮೇಲೆ ಕೈ ಹೋಗುತ್ತೆ, ಆಮೇಲೆ ಉಸಿರು. ನಾನು ಆ ಮಕ್ಕಳನ್ನ ಕೊನೇವರೆಗೂ ನೋಡಿದೀನಿ, ನೀನು ನೋಡಿಲ್ಲ. ಎರಡು ಸಲ ಅದನ್ನ ನೋಡೋ ಶಕ್ತಿ ಯಾವ ತಾಯಿಗೂ ಇಲ್ಲ. ಅಳುಮುಂಜಿ ಆಗಬೇಡ.

ವಡಿವು


ಕೋವಿಲ್ಪಟ್ಟಿ
21 ಜೂನ್ 1999

ವಡಿವು,

ಮೊದಲು ಸುದ್ದಿ. ಹೋದ್ವಿ, ನೀರು ತೆಗೆಸಿದ್ವಿ, ಮೊನ್ನೆ ಫಲಿತಾಂಶ ಬಂತು. ಗಂಡು. ಕಾಯಿಲೆ ಇಲ್ಲ. ಆ ತುಂಡು ಪೂರ್ತಿ ಇದೆ ಅಂತ ಡಾಕ್ಟರಮ್ಮ ಎರಡು ಸಲ ನೋಡಿ ಹೇಳಿದ್ರು. ಪಕ್ಕದಲ್ಲಿ ಯಾರ ರಕ್ತ ಇಟ್ರಿ ಅಂತ ಮಾವ ಕೇಳಿದ್ದಕ್ಕೆ ಅವರಿಗೆ ನಗು ತಡೆಯೋಕಾಗ್ಲಿಲ್ಲ.

ಮಗು ಸರಿ ಇದೆ ಅಂತ ನೀನು ಮಾರ್ಚ್‌ನಲ್ಲಿ ಹೇಳಿದ್ದೆ, ಹಾಗೇ ಆಯ್ತು ಅಂತ ಖುಷಿಪಡಬೇಡ. ಕಣ್ಣು ಮುಚ್ಚಿ ಕಲ್ಲು ಹೊಡೆದೆ, ನಮ್ಮ ಪುಣ್ಯ, ತಲೆಗೆ ಬೀಳಲಿಲ್ಲ.

ಇನ್ನು ಈ ಕಾಗದದ ಜೊತೆ ಬಂದಿರೋ ಜಾಡಿ. ಹೇರಳೆಕಾಯಿ ಉಪ್ಪಿನಕಾಯಿ. ಅಮ್ಮ ಕಳಿಸಿದಾಳೆ. ನೀನು ಕೇಳಿಲ್ಲ ಅಂತ ನನಗೆ ಗೊತ್ತು. ಅಮ್ಮನಿಗೆ ಗೊತ್ತಿಲ್ಲ.

ನಿನ್ನ ಹೋದ ಕಾಗದ ಬಂದಾಗ ನಾನು ಅಂಗಡೀಲಿದ್ದೆ. ಅಮ್ಮನಿಗೆ ಅಕ್ಷರ ಬರಲ್ಲ, ನಾನು ಬರೋವರೆಗೆ ತಡ್ಕೊಳ್ಳೋಕೂ ಬರಲ್ಲ. ಎಳಿಲ್ ಕೈಗೆ ಕೊಟ್ಟು "ಓದೋ ಕಂದ, ದೊಡ್ಡಮ್ಮ ಏನು ಬರೆದಿದಾಳೆ" ಅಂದಿದಾಳೆ. ಅವನು ಓದಿದಾನೆ. ಸಂಜೆ ಮನೆಗೆ ಬಂದ್ರೆ ಅಮ್ಮ ಮುಖ ಅರಳಿಸಿಕೊಂಡು ಹೇರಳೆಕಾಯಿ ಹೆಚ್ತಾ ಕೂತಿದಾಳೆ. "ವಡಿವು ಚೆನ್ನಾಗಿದಾಳಂತೆ. ಎಲ್ಲರನ್ನೂ ಕೇಳಿದಾಳೆ. ನೀನು ತಿರುವನಂತಪುರಕ್ಕೆ ಹೋಗಿ ತೋರಿಸ್ಕೊಂಡು ಬರಬೇಕಂತೆ, ಹೆದರಬಾರದಂತೆ. ನನ್ನ ಕೈಯ ಉಪ್ಪಿನಕಾಯಿ ತಿನ್ನಬೇಕು ಅನ್ನಿಸ್ತಿದೆಯಂತೆ ಅವಳಿಗೆ. ಹೋಗಿ ಬಾ ನೀನು, ನಾನು ಅಡ್ಡ ಬರಲ್ಲ." ನನಗೆ ಅನುಮಾನ ಬಂತು. ನೀನು, ಅದೂ ಉಪ್ಪಿನಕಾಯಿ ಬೇಕು ಅಂತ ಬಾಯಿ ಬಿಟ್ಟು ಕೇಳೋದು? ಕಾಗದ ಎಲ್ಲೋ ಅಂದೆ. "ಅದರಲ್ಲಿ ಅಷ್ಟೇ ಇರೋದಮ್ಮ" ಅಂದ. ತೊಡೆ ಕೆಳಗೆ ಇಟ್ಕೊಂಡಿದ್ದ. ತನ್ನಿಂದ ತಾನೇ ಏಳೋಕಾಗದ ಮಗು, ಮರೆಮಾಡೋಕೆ ಅವನಿಗಿರೋ ಜಾಗ ಅದೊಂದೇ.

ತಗೊಂಡು ಓದಿದೆ. ಕುರ್ಚಿ, ಕೈ, ಉಸಿರು, ಎಲ್ಲ ಓದಿದೆ. ಅವನಿಗೆ ಇದುವರೆಗೂ ನಾವು ಯಾರೂ ಹೇಳಿರಲಿಲ್ಲ.

ಮೊನ್ನೆ ಫಲಿತಾಂಶ ಬಂದ ಮೇಲೆ ಮನೆಯೆಲ್ಲ ನಗು. ಅವನೂ ನಕ್ಕ. ತಮ್ಮನಿಗೆ ಏನು ಹೆಸರು ಅಂತ ಅಪ್ಪನ ಜೊತೆ ಜಗಳಾನೂ ಆಡಿದ. ಎಲ್ಲ ಹೋದ ಮೇಲೆ ನನ್ನ ಕೈ ಹಿಡಿದು ಕೇಳಿದ: "ಅವನು ಸರಿ ಇದಾನೆ ಅಂತ ಇಟ್ಕೊಂಡ್ರಾ ಅಮ್ಮ? ನನ್ನ ಥರ ಇದ್ದಿದ್ರೆ ದೊಡ್ಡಮ್ಮ ಹೇಳಿದ ಹಾಗೆ ಮಾಡ್ತಿದ್ರಾ?"

ಅವನ ಹೊದಿಕೆ ಸರಿ ಮಾಡಿ ದೀಪ ಆರಿಸಿದೆ. ಯಾಕೆ ಗೊತ್ತಾ? ನಾನು ಅದನ್ನೇ ಮಾಡ್ತಿದ್ದೆ. ಬಸ್ಸಿನಲ್ಲಿ ಹೋಗೋವಾಗಲೇ ನಿರ್ಧಾರ ಮಾಡಿ ಆಗಿತ್ತು, ಮಾವನಿಗೂ ಹೇಳಿ ಆಗಿತ್ತು. ನೀನು ಬರೆದದ್ದರಲ್ಲಿ ನನ್ನ ಮನಸ್ಸಲ್ಲಿ ಇಲ್ಲದ್ದು ಒಂದಕ್ಷರಾನೂ ಇರಲಿಲ್ಲ. ಆದ್ರೆ ನಾನು ಅದನ್ನ ಮಸಿಯಲ್ಲಿ ಬರೆದು ನನ್ನ ಮಗನ ಕೈಗೆ ಕೊಟ್ಟಿರಲಿಲ್ಲ. ನಿನ್ನನ್ನ ಕಂಡ್ರೆ ನನಗೆ ಮೈ ಉರಿಯುತ್ತೆ ಅಕ್ಕ. ಈ ಜನ್ಮದಲ್ಲಿ ಅದು ತಣಿಯುತ್ತೆ ಅಂತ ನನಗನ್ನಿಸಲ್ಲ.

ಎಲ್ಲದಕ್ಕೂ ಉತ್ತರ ಇರೋಳು ನೀನು. ಅವನಿಗೂ ನೀನೇ ಉತ್ತರ ಕೊಡು. ನನ್ನ ಹೆಸರಿಗೆ ಬರೀಬೇಡ, ಅವನ ಹೆಸರಿಗೇ ಬರಿ. ಅವನೇ ಬಿಡಿಸಿ ಓದ್ತಾನೆ.

ಪೂಂಗೊಡಿ


ಚೆನ್ನೈ
2 ಜುಲೈ 1999

ಎಳಿಲ್‌ಗೆ,

ಇದು ನಿನಗೇ ಬರೆದ ಕಾಗದ. ಅಜ್ಜಿ ಕೇಳಿದ್ರೂ ಓದಿ ಹೇಳಬೇಕಾಗಿಲ್ಲ.

ನೀನು ಅಮ್ಮನನ್ನ ಕೇಳಿದ ಪ್ರಶ್ನೆ ನನ್ನನ್ನ ಕೇಳಬೇಕಾದದ್ದು. ಬೇಡ ಅಂತ ಬರೆದವಳು ನಾನು. ನೀನು ತಪ್ಪಾಗಿ ಓದಿಲ್ಲ, ಇರೋದನ್ನೇ ಓದಿದೀಯ. ಅದು ನಿನ್ನ ವಿಷಯ ಅಲ್ಲ, ಹುಟ್ಟದೇ ಇರೋ ಮಗು ವಿಷಯ ಅಂತ ನಾಲ್ಕು ಹಾಳೆ ಬರೆದೆ. ಹರಿದು ಹಾಕ್ದೆ. ನಿನ್ನಂಥದ್ದು ಅಂತ ಬರೆಯೋವಾಗ ನನಗೆ ನಿನ್ನ ಮುಖ ನೆನಪಿಗೆ ಬರಲಿಲ್ಲ, ಜೆಲ್ ಮೇಲಿನ ಖಾಲಿ ಜಾಗ ನೆನಪಿಗೆ ಬಂತು. ನಾಲ್ಕು ವರ್ಷದಿಂದ ನಿನ್ನನ್ನ ನಾನು ನೋಡಿದ್ದೇ ಹಾಗೆ. ಇದಕ್ಕಿಂತ ಒಳ್ಳೇ ಉತ್ತರ ನನ್ನ ಹತ್ರ ಇಲ್ಲ.

ಕುರ್ಚಿ, ಕೈ, ಉಸಿರು ಅಂತ ಬರೆದದ್ದು ಸುಳ್ಳಲ್ಲ. ಅದನ್ನ ನಿನಗೆ ಹೇಳಬೇಕಾದ ರೀತಿ ಮಾತ್ರ ಅದಾಗಿರಲಿಲ್ಲ. ಅದರ ಬಗ್ಗೆ ಏನು ಕೇಳಬೇಕು ಅನ್ನಿಸಿದ್ರೂ ನನ್ನನ್ನ ಕೇಳು. ಒಂದನ್ನೂ ಮುಚ್ಚಿಡಲ್ಲ. ಬೈಯಬೇಕು ಅನ್ನಿಸಿದ್ರೆ ಹೊಟ್ಟೆ ತುಂಬ ಬೈದು ಬರಿ. ಅಪ್ಪನ ಹತ್ರಾನೂ ನನಗೆ ಹೇಳೋದಿದೆ, ಅದು ಕಾಗದದಲ್ಲಿ ಆಗಲ್ಲ. ಮುಂದಿನ ವಾರ ಶನಿವಾರ ಬೆಳಿಗ್ಗೆ ಬಸ್ಸಿಳೀತೀನಿ. ಅಮ್ಮ ಬಾಗಿಲು ತೆಗೀದಿದ್ರೆ ಜಗಲಿ ಮೇಲೇ ಕೂತಿರ್ತೀನಿ.

ಜಾಡಿ ಒಡೀದೆ ಬಂತು. ಉಪ್ಪಿನಕಾಯಿ ಚೆನ್ನಾಗಿದೆ. ನಾನೇ ಕೇಳಿದ್ದು ಅಂತ ಅಜ್ಜಿಗೆ ಹೇಳು.

ನಿನ್ನ ದೊಡ್ಡಮ್ಮ